‘ಕಾದಂಬರಿಯಲ್ಲಿ ಮೊದಲೇ ಬರೆದಿತ್ತು’: ವೈಜ್ಞಾನಿಕ ಕಥೆಗಳು ನಮ್ಮನ್ನು ನಂಬಿಸುವುದು ಹೇಗೆ?

2020ರ ಮಾರ್ಚ್ ಕೊನೆ. ಲಾಕ್‌ಡೌನ್ ಶುರುವಾಗಿ ಎರಡೋ ಮೂರೋ ದಿನ ಆಗಿತ್ತು. ಬೇವೂರಿನ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಕಾಕಾ ಒಂದು ಫೋಟೊ ಹಾಕಿದರು. ಇಂಗ್ಲಿಷ್ ಪುಸ್ತಕದ ಒಂದು ಪುಟ, ಅದರಲ್ಲಿ ‘ವೂಹಾನ್-400’ ಎಂಬ ಹೆಸರಿನ ಕೆಳಗೆ ಕೆಂಪು ಗೆರೆ. ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು: 40 ವರ್ಷದ ಹಿಂದೆಯೇ ಕಾದಂಬರಿಯಲ್ಲಿ ಕೊರೊನಾ ಬಗ್ಗೆ ಬರೆದಿದ್ದಾರೆ, ಎಲ್ಲ ಮೊದಲೇ ಪ್ಲ್ಯಾನ್ ಆಗಿದ್ದು, ತಪ್ಪದೇ ಎಲ್ಲರಿಗೂ ಕಳಿಸಿ. ನಿಮ್ಮ ಫೋನಿಗೂ ಇದು ಬಂದಿರಬಹುದು.

ಕಾಕಾಗೆ ಫೋನ್ ಮಾಡಿ, ಇದು ಸುಳ್ಳಿರಬೇಕು ನೋಡಿ ಅಂದೆವು. “ಪುಸ್ತಕದಾಗ ಅಚ್ಚಾಗೇತಿ. ಅಚ್ಚಾಗಿದ್ದು ಸುಳ್ಳ ಹೆಂಗ ಆಕ್ಕೈತಿ?” ಅಂದರು. ಆಗ ನಕ್ಕು ಬಿಟ್ಟೆವು. ಮುಂದಿನ ವರ್ಷ ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಕೊಡಲು ಶುರು ಮಾಡಿದಾಗ ನಗು ಬರಲಿಲ್ಲ. “ರೋಗಾನ ಮೊದಲ ಬರದಿಟ್ಟಾರಂದ್ರ ಸೂಜಿನೂ ಅವರದ ಇರ್ತೈತಿ” ಅಂತ ಕಾಕಾ ಹೋಗಲೇ ಇಲ್ಲ. ಕೊನೆಗೆ ಹಾಕಿಸಿಕೊಂಡದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಎರಡನೇ ಅಲೆ ನಮ್ಮ ಓಣಿಯಿಂದ ಇಬ್ಬರನ್ನು ಕರೆದುಕೊಂಡು ಹೋಗಿತ್ತು.

ಮೊದಲು ಆ ಪುಟದ ಕಥೆ ಹೇಳಿಬಿಡೋಣ. ಪುಸ್ತಕ ನಿಜವಾಗಿಯೂ ಇದೆ. ಅಮೆರಿಕದ ಡೀನ್ ಕೂಂಟ್ಜ್ ಬರೆದ ‘ದಿ ಐಸ್ ಆಫ್ ಡಾರ್ಕ್‌ನೆಸ್’, 1981ರದ್ದು. ಆದರೆ 1981ರ ಪ್ರತಿಯಲ್ಲಿ ವೂಹಾನ್ ಇರಲಿಲ್ಲ. ಅಲ್ಲಿ ವೈರಸ್ಸಿನ ಹೆಸರು ‘ಗೋರ್ಕಿ-400’, ಅದನ್ನು ತಯಾರಿಸಿದವರು ರಷ್ಯಾದವರು. 1989ರಲ್ಲಿ ಮರುಮುದ್ರಣ ಆದಾಗ ಅದು ‘ವೂಹಾನ್-400’ ಆಯಿತು. ಶೀತಲ ಸಮರ ಮುಗಿಯುತ್ತ ಬಂದಿದ್ದ ಕಾಲ ಅದು. ಖಳನಾಯಕನ ದೇಶ ಬದಲಾಯಿತು, ಅಷ್ಟೇ. ಇನ್ನು ರೋಗ? ಕಾದಂಬರಿಯ ವೈರಸ್ ತಗುಲಿದವರೆಲ್ಲ ಸಾಯುತ್ತಾರೆ, ನೂರಕ್ಕೆ ನೂರು. ತಗುಲಿ ನಾಲ್ಕು ಗಂಟೆಯಲ್ಲಿ ಅದು ಕೆಲಸ ಶುರು ಮಾಡುತ್ತದೆ. ಕೋವಿಡ್ ಲಕ್ಷಣ ಕಾಣಿಸಲು 2ರಿಂದ 14 ದಿನ ಬೇಕಿತ್ತು, ಸೋಂಕು ತಗುಲಿದವರಲ್ಲಿ ಬಹುಪಾಲು ಜನ ಗುಣವಾದರು. ಕೆಲವು ಫಾರ್ವರ್ಡ್‌ಗಳಲ್ಲಿ ‘2020ರ ಸುಮಾರಿಗೆ ಶ್ವಾಸಕೋಶದ ರೋಗ ಹರಡುತ್ತದೆ’ ಎಂಬ ಇನ್ನೊಂದು ಪುಟವನ್ನೂ ಅಂಟಿಸಿದ್ದರು. ಅದು ಈ ಕಾದಂಬರಿಯದ್ದೇ ಅಲ್ಲ. ಭವಿಷ್ಯ ಹೇಳುತ್ತೇನೆ ಎನ್ನುತ್ತಿದ್ದ ಸಿಲ್ವಿಯಾ ಬ್ರೌನ್ ಎಂಬವರ 2008ರ ಪುಸ್ತಕದ್ದು.

ಇಷ್ಟನ್ನು ಹೇಳಿದರೆ ಸಾಕಾಗುತ್ತದೆ ಅಂದುಕೊಂಡಿದ್ದೆವು. ಸಾಕಾಗಲಿಲ್ಲ. ಕಾಕಾ ಹೇಳಿದ್ದು ಒಂದೇ ಮಾತು: “ಓದಿದ್ರ ಖರೇ ಅನಸ್ತೈತಲ್ಲ.” ಅವರ ಆ ಮಾತಿನಲ್ಲಿ ತಪ್ಪಿಲ್ಲ. ಓದಿದರೆ ಖರೇ ಅನಿಸಲೇಬೇಕು, ಹಾಗೆ ಅನಿಸಲಿ ಎಂದೇ ಅದನ್ನು ಬರೆದಿರುತ್ತಾರೆ. ವೈಜ್ಞಾನಿಕ ಕಥೆ ಬರೆಯುವವರ ಕಸುಬೇ ಅದು, ಮುಖ್ಯವಾಗಿ ಹದಿಹರೆಯದವರಿಗೆ ಬರೆಯುವವರದ್ದು. 14 ವರ್ಷದ ಓದುಗರಷ್ಟು ಅನುಮಾನದ ಓದುಗರು ಬೇರೆ ಇಲ್ಲ. ‘ಅದೆಂಗ ಸಾಧ್ಯ?’ ಅಂತ ಪ್ರತಿ ಪುಟಕ್ಕೂ ಕೇಳುತ್ತಾರೆ.

ಈ ಕಸುಬಿನ ಗುಟ್ಟನ್ನು ಎಚ್.ಜಿ. ವೆಲ್ಸ್ 1933ರಲ್ಲಿ ತಮ್ಮ ಕಾದಂಬರಿಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ತಾವೇ ಬಿಟ್ಟುಕೊಟ್ಟಿದ್ದಾರೆ. ಕಥೆಗೆ ಒಂದೇ ಒಂದು ಅಸಾಧ್ಯ ಸಂಗತಿ ಸಾಕು, ಉಳಿದದ್ದೆಲ್ಲ ದಿನನಿತ್ಯದಂತೆ ಇರಬೇಕು ಎಂಬುದು ಅವರ ಮಾತಿನ ಸಾರ. ಅವರ ‘ದಿ ಇನ್‌ವಿಸಿಬಲ್ ಮ್ಯಾನ್’ (1897) ನೋಡಿ. ಮನುಷ್ಯ ಕಾಣದಂತಾಗುವುದು, ಅದೊಂದೇ ಸುಳ್ಳು. ಆಮೇಲೆ ಬರುವುದೆಲ್ಲ ಲೆಕ್ಕಾಚಾರ. ಕಾಣಬಾರದು ಅಂದರೆ ಬಟ್ಟೆ ತೊಡುವಂತಿಲ್ಲ, ಹಾಗಾಗಿ ಚಳಿ. ತಿಂದ ಅನ್ನ ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಹಿಮದ ಮೇಲೆ ನಡೆದರೆ ಹೆಜ್ಜೆ ಮೂಡುತ್ತದೆ. ಇಷ್ಟೆಲ್ಲ ಕಷ್ಟ ಓದಿದ ಮೇಲೆ ಮೂಲದ ಸುಳ್ಳು ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತದೆ. ಪೂರ್ತಿ ಪಾರದರ್ಶಕ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ, ಯಾಕೆಂದರೆ ಬೆಳಕು ಕಣ್ಣಿನ ಹಿಂದಿನ ಪರದೆಯಲ್ಲಿ ನಿಲ್ಲದೇ ದಾಟಿ ಹೋಗುತ್ತದೆ. ವೆಲ್ಸ್‌ಗೆ ಇದೂ ಗೊತ್ತಿತ್ತು ಅಂತ ಕಾಣುತ್ತದೆ. ಆ ಪರದೆಯ ಹಿಂದೆ ಮಾತ್ರ ಒಂದಿಷ್ಟು ಬಣ್ಣ ಉಳಿಸಿದ್ದಾರೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಾರಲ್ಲ, ಆ ಥರದ ಕೆಲಸ ಇದು. ಜೋಡಿಸಿದ ಜಾಗ ಕಣ್ಣಿಗೆ ಬೀಳಬಾರದು.

ಇತ್ತೀಚಿನ ಉದಾಹರಣೆ ಬೇಕೆಂದರೆ ಆಂಡಿ ವೀರ್ ಅವರ ‘ದಿ ಮಾರ್ಷಿಯನ್’. ಮೊದಲು ತಮ್ಮ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯ ಹಾಕುತ್ತಿದ್ದರು, ಓದಿದವರು ವಿಜ್ಞಾನದ ತಪ್ಪು ತೋರಿಸಿದರೆ ತಿದ್ದುತ್ತಿದ್ದರು. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದ ಗಗನಯಾತ್ರಿ ಆಲೂಗಡ್ಡೆ ಬೆಳೆಯುತ್ತಾನೆ. ಎಷ್ಟು ಜಾಗ, ಎಷ್ಟು ನೀರು, ದಿನಕ್ಕೆ ಎಷ್ಟು ಕ್ಯಾಲೊರಿ, ಎಲ್ಲದಕ್ಕೂ ಲೆಕ್ಕ ಇದೆ. ತಮಾಷೆ ಅಂದರೆ ಅವನು ಅಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣವಾದ ಬಿರುಗಾಳಿಯೇ ಸುಳ್ಳು. ಮಂಗಳದ ಗಾಳಿ ಭೂಮಿಯ ಗಾಳಿಯ ಶೇ. 2ರಷ್ಟೂ ದಟ್ಟವಾಗಿಲ್ಲ. ಅಲ್ಲಿ ಗಂಟೆಗೆ 150 ಕಿ.ಮೀ. ವೇಗದಲ್ಲಿ ಬೀಸಿದರೂ ಅದು ನೂಕುವುದು ಇಲ್ಲಿಯ 20 ಕಿ.ಮೀ. ಗಾಳಿಯಷ್ಟೇ. ನಮ್ಮ ಕಡೆ ಕಣದಲ್ಲಿ ಜೋಳ ತೂರಬಹುದು, ರಾಕೆಟ್ ಉರುಳಿಸಲಾಗದು. ಇದು ತಪ್ಪು ಅಂತ ಲೇಖಕರೇ ಒಪ್ಪಿಕೊಂಡಿದ್ದಾರೆ. ಓದುಗರು ಸಿಟ್ಟಾಗಲಿಲ್ಲ. ಆಲೂಗಡ್ಡೆಯ ಲೆಕ್ಕ ಸರಿಯಿತ್ತಲ್ಲ, ಬಿರುಗಾಳಿಗೂ ಅದೇ ನಂಬಿಕೆ ಹರಿದುಬಂತು.

ವಿಜ್ಞಾನ ಸರಿ ಇದ್ದರೆ ಮಾತ್ರ ಇಂಥ ಕಥೆ ನಂಬುವಂತಿರುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಸುಜಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಜಗತ್ತಿನ ತುಂಬ ಹದಿಹರೆಯದವರು ಓದಿದ ಪುಸ್ತಕ. ಅದರಲ್ಲಿ ಮನುಷ್ಯರ ಹಾಡು ಕಲಿಯುವ, ಪ್ರಯೋಗಾಲಯದ ತಳಿಯಿಂದ ಬಂದ ಹಕ್ಕಿ ಇದೆ. ಜೀವಶಾಸ್ತ್ರದ ಮೇಷ್ಟ್ರು ಒಪ್ಪಲಿಕ್ಕಿಲ್ಲ. ಆದರೆ ಆ ಕಥೆಯಲ್ಲಿ ಇನ್ನೊಂದು ಏರ್ಪಾಡಿದೆ. 12ರಿಂದ 18 ವರ್ಷದ ಮಕ್ಕಳ ಹೆಸರನ್ನು ಸಾವಿನ ಆಟಕ್ಕೆ ಚೀಟಿ ಎತ್ತುತ್ತಾರೆ. ಮನೆಯಲ್ಲಿ ಹಸಿವಿದ್ದರೆ ಇನ್ನೊಂದು ಚೀಟಿ ಹೆಚ್ಚಿಗೆ ಹಾಕಿಸಿಕೊಂಡು, ಅದಕ್ಕೆ ಬದಲಾಗಿ ವರ್ಷಕ್ಕೆ ಒಬ್ಬರಿಗೆ ಆಗುವಷ್ಟು ಕಾಳು, ಎಣ್ಣೆ ತರಬಹುದು. ಬಡವರ ಮಕ್ಕಳ ಹೆಸರು ಹೆಚ್ಚು ಸಲ ಡಬ್ಬಿಯಲ್ಲಿ ಬೀಳುತ್ತದೆ. ರೇಷನ್ ಅಂಗಡಿ ಮುಂದೆ ಸಾಲು ನಿಂತು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಕ್ಕಿ ಸುಳ್ಳು, ಹಸಿವಿನ ಲೆಕ್ಕ ನಿಜ. ಓದುಗರು ಹಿಡಿದುಕೊಳ್ಳುವುದು ಎರಡನೆಯದನ್ನು.

ಕನ್ನಡದಲ್ಲೂ ಈ ಬಗೆಯ ಬರವಣಿಗೆ ಹೊಸದಲ್ಲ. ನಮ್ಮ ಉತ್ತರ ಕರ್ನಾಟಕದ ರಾಜಶೇಖರ ಭೂಸನೂರಮಠರು ದಶಕಗಳ ಹಿಂದೆಯೇ ವೈಜ್ಞಾನಿಕ ಕಥೆ, ಕಾದಂಬರಿ ಬರೆದಿದ್ದಾರೆ. ನಂಬಿಸುವ ವಿಷಯಕ್ಕೆ ಬಂದರೆ ನಮಗೆ ಮೊದಲು ನೆನಪಾಗುವುದು ತೇಜಸ್ವಿಯವರ ‘ಕರ್ವಾಲೊ’ (1980). ಅದನ್ನು ವೈಜ್ಞಾನಿಕ ಕಾದಂಬರಿ ಅನ್ನಬೇಕೋ ಬೇಡವೋ ಎಂಬ ವಾದ ಇರಲಿ. ಹದಿನಾರು ಹದಿನೇಳರಲ್ಲಿ ಅದನ್ನು ಓದಿ ಕಾಡಿನ ಹುಚ್ಚು ಹಿಡಿಸಿಕೊಂಡವರು ಸಾವಿರಾರು ಜನ.

ಅದರಲ್ಲಿ ವಿಜ್ಞಾನಿ ಕರ್ವಾಲೊ, ಮಂದಣ್ಣ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲ ಸೇರಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುತ್ತಾರೆ. ಕಾದಂಬರಿಯಲ್ಲಿ ಆ ಓತಿ ಕೋಟ್ಯಂತರ ವರ್ಷ ಹಿಂದಿನ ಕಾಲದಿಂದ ಹೇಗೋ ಉಳಿದು ಬಂದ ಜೀವಿ, ಕಾಣಸಿಗುವುದೇ ಪವಾಡ. ವಾಸ್ತವ ಏನು? ಹಾರುವ ಓತಿ ನಿಜವಾಗಿಯೂ ಇದೆ. ವಿಜ್ಞಾನಿಗಳು ಕರೆಯುವುದು ಡ್ರಾಕೊ ಡುಸುಮೇರಿ ಅಂತ. ಪಶ್ಚಿಮ ಘಟ್ಟದ ಕಾಡಿನಲ್ಲಿ, ಅಡಿಕೆ ತೋಟಗಳಲ್ಲಿ ಇರುತ್ತದೆ. ಇರುವೆ ತಿಂದು ಬದುಕುತ್ತದೆ. ಉದ್ದ ಬೆಳೆದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿದು ಹಾರುವುದಿಲ್ಲ. ಮಲೆನಾಡಿನ ತೋಟದವರಿಗೆ ಅದು ಅಷ್ಟೇನೂ ಅಪರೂಪವಲ್ಲ. ಡೈನೋಸಾರ್ ಕಾಲದ ಒಂಟಿ ಕುಡಿಯೂ ಅಲ್ಲ, ಆಗ್ನೇಯ ಏಷ್ಯಾದಲ್ಲಿ ಅದರ ಬಳಗ ದೊಡ್ಡದಿದೆ.

ಹಾಗಾದರೆ ತೇಜಸ್ವಿ ಓದುಗರಿಗೆ ಮೋಸ ಮಾಡಿದರೇ? ನಮಗೆ ಹಾಗೆ ಅನಿಸುವುದಿಲ್ಲ. ಜೇನು ಸೊಸೈಟಿ, ಗದ್ದೆಯ ತಾಪತ್ರಯ, ಕಳ್ಳಭಟ್ಟಿ ಕೇಸು, ಮಂದಣ್ಣನ ಮದುವೆಯ ಗಲಾಟೆ, ಇಷ್ಟು ನಿಜವಾದ ಮೂಡಿಗೆರೆಯ ನಡುವೆ ಅವರು ಓತಿಯನ್ನು ಕೂರಿಸಿದ್ದಾರೆ. ಅದರ ವಯಸ್ಸನ್ನು ಹಿಗ್ಗಿಸಿದ್ದು ಕಾಲದ ಆಳ ತೋರಿಸಲಿಕ್ಕೆ. ಮುಖಪುಟದ ಮೇಲೆ ‘ಕಾದಂಬರಿ’ ಎಂಬ ಒಪ್ಪಂದ ಇದೆ, ಓದುಗರೂ ಅದಕ್ಕೆ ತಲೆಯಾಡಿಸಿಯೇ ಪುಟ ತಿರುಗಿಸುತ್ತಾರೆ.

ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ‘ಕರಿಸಿರಿಯಾನ’ದಂಥ ಅವರ ಬರವಣಿಗೆಯಲ್ಲಿ ಫೋಟೊ, ಶಾಸನ, ಆಕರಗಳ ಪಟ್ಟಿ ಎಲ್ಲ ಇರುತ್ತದೆ. ಓದಿ ಮುಗಿಸಿದವರು ಎಷ್ಟು ನಿಜ, ಎಷ್ಟು ಕಲ್ಪನೆ ಅಂತ ಹುಡುಕಲು ಹೊರಡುತ್ತಾರೆ. ಅದು ಒಳ್ಳೆಯದೇ. ಆದರೆ ಅದೇ ಪುಟದ ಸ್ಕ್ರೀನ್‌ಶಾಟ್ ತೆಗೆದು, ಮುಖಪುಟ ಬಿಟ್ಟು ಹಂಚಿದರೆ? ಫೋಟೊ ಇದೆ, ಶಾಸನ ಇದೆ, ‘ಕಾದಂಬರಿ’ ಎಂಬ ಪದ ಮಾತ್ರ ಇಲ್ಲ.

ಫಾರ್ವರ್ಡ್‌ಗೂ ಕಾದಂಬರಿಗೂ ಇರುವ ವ್ಯತ್ಯಾಸ ಇಲ್ಲಿದೆ ಅಂತ ನಮಗೆ ಕಾಣುತ್ತದೆ. ಇಬ್ಬರ ಕೈಚಳಕವೂ ಒಂದೇ: ಊರಿನ ಹೆಸರು, ಇಸವಿ, ಒಂದು ಸಂಖ್ಯೆ, ಒಬ್ಬ ವಿಜ್ಞಾನಿ, ಇವುಗಳ ನಡುವೆ ಒಂದು ದೊಡ್ಡ ಸುಳ್ಳು. ಕಾದಂಬರಿ ತನ್ನ ಮುಖಪುಟ ಹೊತ್ತುಕೊಂಡೇ ಬರುತ್ತದೆ. ಫಾರ್ವರ್ಡ್ ಅದನ್ನು ಹರಿದು ಬಂದಿರುತ್ತದೆ.

ಮುಖಪುಟ ಇದ್ದರೂ ಪೂರ್ತಿ ಕಾಪಾಡುತ್ತದೆ ಅನ್ನಲಾಗದು. ಎಲಿಜಬೆತ್ ಮಾರ್ಷ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಸಣ್ಣ ಕಥೆಗಳನ್ನು ಓದಲು ಕೊಟ್ಟರು, ನಡುವೆ ಕೆಲವು ತಪ್ಪು ಮಾಹಿತಿ ಸೇರಿಸಿದ್ದರು. ಆಮೇಲೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿದಾಗ ಓದಿದವರು ಕಥೆಯ ತಪ್ಪನ್ನೇ ಉತ್ತರವಾಗಿ ಬರೆದರು. ಅದು ತಮಗೆ ಮೊದಲೇ ಗೊತ್ತಿತ್ತು ಎಂದೂ ಎಷ್ಟೋ ಸಲ ಅವರಿಗೆ ಅನಿಸಿತ್ತು. ಕಥೆಯಲ್ಲಿ ಮುಳುಗಿದಾಗ ಮನಸ್ಸು ಎದುರುವಾದ ಮಾಡುವುದನ್ನು ಕಡಿಮೆ ಮಾಡುತ್ತದೆ. ಕಾಕಾ ಒಬ್ಬರೇ ಹೀಗೆ ಅಂತಲ್ಲ. ಈ ವಿಷಯ ಓದಿಕೊಂಡ ನಮಗೂ ಮಂಗಳದಲ್ಲಿ ಬಿರುಗಾಳಿ ಅಂದರೆ ಈಗಲೂ ಸಿನಿಮಾದ ಚಿತ್ರವೇ ಕಣ್ಮುಂದೆ ಬರುತ್ತದೆ.

ಇದೇ ಜಾಡಿನಲ್ಲಿ ಸುತ್ತುವ ಇನ್ನೊಂದು ಫಾರ್ವರ್ಡ್ ಇದೆ. 1938ರ ಅಕ್ಟೋಬರ್ 30ರಂದು ಅಮೆರಿಕದ ರೇಡಿಯೋದಲ್ಲಿ ಆರ್ಸನ್ ವೆಲ್ಸ್ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ನಾಟಕವನ್ನು ಸುದ್ದಿಯ ಧಾಟಿಯಲ್ಲಿ ಪ್ರಸಾರ ಮಾಡಿದರು, ಮಂಗಳದವರು ದಾಳಿ ಮಾಡಿದರೆಂದು ಇಡೀ ದೇಶ ಬೀದಿಗೆ ಓಡಿತು ಅಂತ. ನಾಟಕ ನಿಜ. ಶುರುವಿನ ಪ್ರಕಟಣೆ ತಪ್ಪಿಸಿಕೊಂಡ ಕೆಲವರು ಹೆದರಿದ್ದೂ ನಿಜ. ಅವರಿಗೂ ಮುಖಪುಟ ಸಿಕ್ಕಿರಲಿಲ್ಲ, ನೋಡಿ. ಇಡೀ ದೇಶ ಓಡಿದ್ದು ಮಾತ್ರ ಪತ್ರಿಕೆಗಳು ಉಬ್ಬಿಸಿದ ಕಥೆ. ಅಂದು ರಾತ್ರಿ ಸುಮಾರು 5,000 ಮನೆಗಳಿಗೆ ಫೋನ್ ಮಾಡಿ ನಡೆಸಿದ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಕೇಳುತ್ತಿದ್ದೇವೆ ಎಂದವರು ಶೇ. 2ರಷ್ಟು ಜನ.

ಕಳೆದ ಸಲ ಊರಿಗೆ ಹೋದಾಗ ಕಾಕಾನ ಮುಂದೆ ಕೂತು ಇದನ್ನೆಲ್ಲ ಹೇಳಿದೆವು. ಗೋರ್ಕಿ ಹೋಗಿ ವೂಹಾನ್ ಆದದ್ದು ಅವರಿಗೆ ಈ ಸಲ ಹಿಡಿಸಿತು. “ಹೆಸರ ಅಷ್ಟ ತಿದ್ಯಾರೇನು? ಹಂಗಾರ ನಾ ಓದಿದ ಪುಟ ಯಾ ಸಾಲಿಂದು ಅಂತ ಮೊದಲ ಕೇಳಬೇಕಿತ್ತು” ಅಂದರು. ಆಮೇಲೆ ಅವರ ಕುತೂಹಲವೆಲ್ಲ ಓತಿಯ ಕಡೆ ತಿರುಗಿತು. ನಮ್ಮ ಹೊಲದಲ್ಲಿ ಇರುತ್ತದೇನು ಅಂತ ಕೇಳಿದರು. ಇಲ್ಲ ಕಾಕಾ, ಅದಕ್ಕೆ ಘಟ್ಟದ ಕಡೆಯೇ ಹೋಗಬೇಕು ಅಂದೆವು. ಫೋಟೊ ತೋರಿಸು ಅಂದರು, ತೋರಿಸಿದೆವು. ನಂಗೂ ಕಳಿಸು ಅಂದರು, ಕಳಿಸಿದೆವು.

ರಾತ್ರಿ ಊಟಕ್ಕೆ ಕೂತಾಗ ಮನೆಯ ಗುಂಪಿನಲ್ಲಿ ಅದೇ ಫೋಟೊ ಬಂತು. ಬೇರೆ ಯಾರದೋ ಗುಂಪು ಸುತ್ತಿ, ತಂಗಿಯ ನಂಬರಿನಿಂದ. ಕೆಳಗೆ ಸಾಲು ಸೇರಿತ್ತು: ಕರ್ನಾಟಕದಲ್ಲಿ ಡೈನೋಸಾರ್ ಕಾಲದ ಹಾರುವ ಪ್ರಾಣಿ ಪತ್ತೆ. ಕಾಕಾ ಜೋಳದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಫೋನು ನೋಡಿದರು, ನಮ್ಮನ್ನು ನೋಡಿದರು. “ನಾ ಬರದಿಲ್ಲಪಾ ಇದನ್ನ” ಅಂದರು.