ಎಕ್ಸ್‌ಪೋರ್ಟ್ ಕೆಟ್ಟರೆ ಎಡಿಟ್ ಮಾಡಿದವನೊಬ್ಬನದೇ ತಪ್ಪಾ?

(1/4)
ನಮ್ಮ ಸರ್ ರಿಟೈರ್‌ಮೆಂಟ್ ಫಂಕ್ಷನ್ ದಿನ ನಾನು ಎಡಿಟ್ ಮಾಡಿದ ವಿಡಿಯೋ ಹಾಕಿದಾಗ ಹಾಲ್ ತುಂಬಾ ನಗು ಎದ್ದಿತ್ತು, ನೆನಪಿದೆಯಾ? ಕ್ಲಾಸಿನವರಿಗೆ ಖಂಡಿತ ನೆನಪಿರುತ್ತೆ. ಉಳಿದವರಿಗೆ ಹೇಳ್ತೀನಿ.

ನಗು ಬಂದಿದ್ದು ನಮ್ಮ ಅಟೆಂಡರ್ ಅಣ್ಣ ಮಾತಾಡೋ ಭಾಗ ಬಂದಾಗ. ಕ್ಯಾಮೆರಾ ಕಂಡ್ರೆ ಪಕ್ಕಕ್ಕೆ ಸರಿಯೋ ಮನುಷ್ಯ ಅವರು. ಸರ್‌ಗೋಸ್ಕರ ಅಂತ ಒಪ್ಕೊಂಡು, ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದು, ಹನ್ನೆರಡು ನಿಮಿಷ ಒಂದೇ ಉಸಿರಲ್ಲಿ ಮಾತಾಡಿದ್ರು. ಅದರಲ್ಲಿ ಕೊನೇ ನಾಲ್ಕು ನಿಮಿಷ ನಾನು ಇಟ್ಕೊಂಡಿದ್ದೆ. ಸ್ಕ್ರೀನ್ ಮೇಲೆ ತುಟಿ ಮುಂದೆ ಓಡ್ತಿದೆ, ಮಾತು ಹಿಂದೆ ಬರ್ತಿದೆ. ಬಾಯಿ ಮುಚ್ಚಿದ ಮೇಲೂ ದನಿ ಕೇಳ್ತಿದೆ. ಯಾರೋ ಒಬ್ಬ ಕಿಸಕ್ ಅಂದ, ಆಮೇಲೆ ಎಲ್ಲರೂ.

ಅವರು ಬಾಗಿಲ ಹತ್ರ ನಿಂತು ನೋಡ್ತಿದ್ರು. ಊಟಕ್ಕೂ ನಿಲ್ಲಲಿಲ್ಲ. ಮಾರನೇ ದಿನ ನನ್ನ ಹತ್ರ ಬಂದು ಕೇಳಿದ್ದು ಒಂದೇ ಮಾತು: ‘ನಾನೇನಾದ್ರೂ ತಪ್ಪಾಗಿ ಮಾತಾಡಿದ್ನೇನಪ್ಪಾ?’

ಗ್ರೂಪಲ್ಲಿ ಅಷ್ಟೊತ್ತಿಗೆ ತೀರ್ಪು ಬಂದಾಗಿತ್ತು. ‘ಚೆಕ್ ಮಾಡ್ಲಿಲ್ವಾ ಮಗಾ?’ ‘ಒಳ್ಳೆ ಲ್ಯಾಪ್‌ಟಾಪ್ ತಗೋ ಗುರು.’ ಚೆಕ್ ಮಾಡಿರಲಿಲ್ಲ, ನಿಜ. 10 ಗಂಟೆಗೆ ಫಂಕ್ಷನ್, ಎಕ್ಸ್‌ಪೋರ್ಟ್ ಮುಗಿದಿದ್ದು 9:40ಕ್ಕೆ. ಆ ತಪ್ಪು ನಂದೇ. ಆದ್ರೆ ಎಕ್ಸ್‌ಪೋರ್ಟಲ್ಲಿ ಕಾಣೋ ತೊಂದರೆ ಎಕ್ಸ್‌ಪೋರ್ಟಲ್ಲೇ ಹುಟ್ಟಿರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಹೆಚ್ಚಿನ ಸಲ ಅದು ಹುಟ್ಟೋದು ನಾವು ಶೂಟ್ ಮಾಡೋ, ಕ್ಲಿಪ್ ಕಳಿಸೋ ರೀತಿಯಲ್ಲಿ.

(2/4)
ಆ ದಿನ ಆಗಿದ್ದೇನು ಅಂತ ನನಗೆ ಗೊತ್ತಾಗೋಕೆ ಒಂದು ವಾರ ಬೇಕಾಯ್ತು.

ಫೋನ್ ಸೆಟ್ಟಿಂಗಲ್ಲಿ 30 ಫ್ರೇಮ್ ಅಂತ ಇದ್ರೂ ಅದು ಪ್ರತಿ ಸೆಕೆಂಡಿಗೂ ಸರಿಯಾಗಿ 30 ಚಿತ್ರ ತೆಗೆಯುತ್ತೆ ಅಂತ ಗ್ಯಾರಂಟಿ ಇಲ್ಲ. ಬೆಳಕು ಕಡಿಮೆಯಾದ್ರೆ, ಫೋನ್ ಬಿಸಿಯಾದ್ರೆ, ಲೆಕ್ಕ ಹೆಚ್ಚುಕಮ್ಮಿ ಆಗ್ತಾ ಇರುತ್ತೆ. ಇದಕ್ಕೆ ವೇರಿಯಬಲ್ ಫ್ರೇಮ್‌ರೇಟ್ ಅಂತಾರೆ. ಆಡಿಯೋ ಮಾತ್ರ ಒಂದೇ ವೇಗದಲ್ಲಿ ರೆಕಾರ್ಡ್ ಆಗ್ತಿರುತ್ತೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್ ಇದನ್ನ ಸರಿಯಾಗಿ ಸಂಭಾಳಿಸ್ತವೆ. ಕೆಲವು ‘ಎಲ್ಲಾ 30 ಇರ್ಬೇಕು’ ಅಂದ್ಕೊಂಡು ಮುಂದೆ ಹೋಗ್ತವೆ.

ಒಂದು ಲೆಕ್ಕ ಹಾಕಿ. ಸರಾಸರಿ 30ರ ಬದಲು 29.9 ಬಿದ್ದಿದೆ ಅಂದ್ಕೊಳ್ಳಿ. 10 ಸೆಕೆಂಡಿನ ಕ್ಲಿಪ್ಪಲ್ಲಿ ಒಂದೇ ಒಂದು ಫ್ರೇಮ್ ಕಮ್ಮಿ. ಯಾರ ಕಣ್ಣಿಗೂ ಬೀಳಲ್ಲ. 12 ನಿಮಿಷದ ಕ್ಲಿಪ್ಪಲ್ಲಿ? 72 ಫ್ರೇಮ್ ಕಮ್ಮಿ. ಅಂದ್ರೆ ಕೊನೆಗೆ ಬರೋಷ್ಟರಲ್ಲಿ ಚಿತ್ರ 2.4 ಸೆಕೆಂಡ್ ಮುಂದೆ ಇರುತ್ತೆ. ನಮ್ಮೆಲ್ಲರ ಚಿಕ್ಕ ಚಿಕ್ಕ ‘ಮಿಸ್ ಯೂ ಸರ್’ ಕ್ಲಿಪ್ ಸರಿಯಾಗಿ ಬಂದು, ನಿಜವಾಗ್ಲೂ ಮಾತಾಡಿದ ಒಬ್ಬರದ್ದೇ ಕೆಟ್ಟಿದ್ದು ಇದಕ್ಕೇ. ಅವರ ಮಾತು ಉದ್ದ ಇತ್ತು, ಸ್ಟೋರ್ ರೂಮಲ್ಲಿ ಬೆಳಕು ಕಮ್ಮಿ ಇತ್ತು.

ಪ್ರಿವ್ಯೂನಲ್ಲಿ ಗೊತ್ತಾಗ್ಲಿಲ್ವಾ ಅಂದ್ರೆ, ಅಲ್ಲೂ ತುಟಿ ಹೊಂದ್ತಿರಲಿಲ್ಲ. ‘ನನ್ನ ಲ್ಯಾಪ್‌ಟಾಪ್ ಸ್ಲೋ, ಎಕ್ಸ್‌ಪೋರ್ಟ್ ಆದ್ಮೇಲೆ ಸರಿಹೋಗುತ್ತೆ’ ಅಂದ್ಕೊಂಡೆ. ಎಕ್ಸ್‌ಪೋರ್ಟ್ ಏನನ್ನೂ ಸರಿ ಮಾಡಲ್ಲ, ಇದ್ದಿದ್ದನ್ನ ಹಾಗೇ ಗಟ್ಟಿ ಮಾಡುತ್ತೆ.

ಪರಿಹಾರ ಪುಕ್ಕಟೆ. ಉದ್ದದ ಕ್ಲಿಪ್ಪನ್ನ ಎಡಿಟ್ ಶುರು ಮಾಡೋಕೆ ಮುಂಚೆ ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ, ಫ್ರೇಮ್‌ರೇಟ್ 30, ‘ಕಾನ್‌ಸ್ಟಂಟ್’ ಅಂತ ಆರಿಸಿ ಕನ್ವರ್ಟ್ ಮಾಡಿ. ಆಮೇಲೆ ಆ ಹೊಸ ಫೈಲನ್ನೇ ಎಡಿಟ್‌ಗೆ ತಗೊಳ್ಳಿ.

(3/4)
ಉಳಿದ ತೊಂದರೆಗಳು ಚುಟುಕಾಗಿ. ಸೇವ್ ಮಾಡ್ಕೊಳ್ಳಿ.

▪ ಪ್ರತಿಸಲ ಒಂದೇ ಪರ್ಸೆಂಟಲ್ಲಿ ನಿಲ್ಲುತ್ತಾ? ಟೈಮ್‌ಲೈನಲ್ಲಿ ಹೆಚ್ಚುಕಮ್ಮಿ ಆ ಜಾಗದಲ್ಲಿ ಒಂದು ಹಾಳಾದ ಕ್ಲಿಪ್ಪೋ ಎಫೆಕ್ಟೋ ಇರುತ್ತೆ. ಮೊದಲ ಅರ್ಧ ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಬಂತಾ? ತಪ್ಪು ಇನ್ನರ್ಧದಲ್ಲಿದೆ. ಹೀಗೇ ಅರ್ಧ ಅರ್ಧ ಮಾಡ್ತಾ ಹೋದ್ರೆ ಕಳ್ಳ ಸಿಕ್ತಾನೆ.

▪ ಒಂದೊಂದ್ಸಲ ಒಂದೊಂದು ಕಡೆ ನಿಲ್ಲುತ್ತಾ? ಲ್ಯಾಪ್‌ಟಾಪ್ ಬಿಸಿ, ಮೆಮೊರಿ ಅಥವಾ ಡಿಸ್ಕಲ್ಲಿ ಜಾಗ ನೋಡಿ. 10 ಎಂಬಿಪಿಎಸ್ ಬಿಟ್‌ರೇಟ್ ಅಂದ್ರೆ ನಿಮಿಷಕ್ಕೆ 75 ಎಂಬಿ, 12 ನಿಮಿಷಕ್ಕೆ 900 ಎಂಬಿ. ಸಾಫ್ಟ್‌ವೇರ್ ತನ್ನ ಟೆಂಪರರಿ ಫೈಲ್‌ಗೆ ಇನ್ನಷ್ಟು ಜಾಗ ತಿನ್ನುತ್ತೆ. ಇದೆಲ್ಲ ಸರಿ ಇದ್ರೂ ನಿಂತ್ರೆ ಹಾರ್ಡ್‌ವೇರ್ ಎನ್‌ಕೋಡಿಂಗ್ ಆಫ್ ಮಾಡಿ ಒಂದ್ಸಲ ನೋಡಿ. ನಿಧಾನ ಆಗುತ್ತೆ, ಆದ್ರೆ ಎಷ್ಟೋ ಸಲ ಮುಗಿಯುತ್ತೆ.

▪ ಮಧ್ಯದಲ್ಲಿ ಕ್ಲಿಪ್ ಮಾಯ, ಬರೀ ಕಪ್ಪು? ಪೆನ್‌ಡ್ರೈವಿಂದಲೇ ನೇರ ಎಡಿಟ್ ಮಾಡಿ, ಆಮೇಲೆ ಅದನ್ನ ಕಿತ್ತಿರ್ತೀರಿ. ಪ್ರಾಜೆಕ್ಟ್ ಫೈಲ್ ಒಳಗೆ ಸಾಮಾನ್ಯವಾಗಿ ವಿಡಿಯೋ ಇರಲ್ಲ, ಅದು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಇರುತ್ತೆ. ಎಲ್ಲಾ ಕ್ಲಿಪ್ ಒಂದೇ ಫೋಲ್ಡರಲ್ಲಿ ಹಾಕಿ, ಆಮೇಲೆ ಶುರು ಮಾಡಿ.

▪ ಪೆನ್‌ಡ್ರೈವಲ್ಲಿ ಜಾಗ ಇದ್ರೂ ಫೈಲ್ ಕಾಪಿ ಆಗಲ್ವಾ? ಅದು ಫ್ಯಾಟ್32 ಆಗಿದ್ರೆ 4 ಜಿಬಿಯ ಒಂದು ಫೈಲನ್ನ ಹಿಡಿಯಲ್ಲ. ಬಿಟ್‌ರೇಟ್ ಇಳಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.

▪ ಕನ್ನಡ ಟೈಟಲ್ ಒಡೆದು ‘ಶ್ರೀ’ ಹೋಗಿ ‘ಶ್‌ರೀ’ ಆಗುತ್ತಾ? ಸಾಫ್ಟ್‌ವೇರ್‌ಗೆ ಒತ್ತಕ್ಷರ ಕೂಡಿಸೋಕೆ ಬರ್ತಿಲ್ಲ ಅಂತ ಅರ್ಥ. ಕನ್ನಡ ಸರಿಯಾಗಿ ತೋರಿಸೋ ಬೇರೆ ಆ್ಯಪಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಹಾಕಿ. ಸರ್ ಹೆಸರು ತಪ್ಪಾಗಿ ತೋರಿಸೋಕಿಂತ ಈ ಐದು ನಿಮಿಷದ ಕೆಲಸ ವಾಸಿ.

ಸಾಫ್ಟ್‌ವೇರ್ ಮಾಡೋರದ್ದೂ ತಪ್ಪಿದೆ, ಇಲ್ಲ ಅನ್ನಲ್ಲ. ಎರಡು ಗಂಟೆ ಕಾಯಿಸಿ ಕೊನೆಗೆ ‘ಏನೋ ತಪ್ಪಾಗಿದೆ’ ಅಂತ ಒಂದು ಡಬ್ಬಿ ತೋರಿಸಿದ್ರೆ ಯಾರಿಗೆ ಏನು ಅರ್ಥ ಆಗ್ಬೇಕು?

(4/4)
ಈಗ ನಮ್ಮ ವಿಷಯಕ್ಕೆ ಬರೋಣ. ಬೇಜಾರಾಗ್ಬೇಡಿ.

ಆ ವಿಡಿಯೋಗೆ 41 ಕ್ಲಿಪ್ ಬಂದವು. ಮೂರು ದಿನ ಮುಂಚೆ ಕಳಿಸಿ ಅಂದಿದ್ದೆ. 29 ಬಂದಿದ್ದು ಹಿಂದಿನ ರಾತ್ರಿ 10ರ ಮೇಲೆ. ಹೆಚ್ಚಿನವು ವಾಟ್ಸಾಪಲ್ಲಿ ಹಿಂಡಿ ಹಿಪ್ಪೆಯಾಗಿ ಬಂದಿದ್ವು. ಒಂದಂತೂ ಸ್ಟೇಟಸ್ಸಿನ ಸ್ಕ್ರೀನ್ ರೆಕಾರ್ಡಿಂಗ್. ರಾತ್ರಿಯೆಲ್ಲಾ ಜೋಡಿಸಿ, ಬೆಳಿಗ್ಗೆ ಎಕ್ಸ್‌ಪೋರ್ಟ್‌ಗೆ ಕೊಟ್ಟೆ. ನೋಡೋ ಟೈಮನ್ನ ಕ್ಲಿಪ್ ಕಾಯೋದ್ರಲ್ಲೇ ಕಳ್ಕೊಂಡೆ. ಪ್ರತಿ ಕ್ಲಾಸಲ್ಲೂ ನನ್ನ ಥರ ಒಬ್ಬ ಇರ್ತಾನೆ, ಒಬ್ಬಳು ಇರ್ತಾಳೆ. ಕಾಸಿಲ್ಲ, ನಿದ್ದೆ ಇಲ್ಲ, ಕೊನೆಗೆ ಬೈಗುಳ. ಮುಂದಿನ ಸಲ ಅವರು ‘ನನ್ನ ಕೈಲಿ ಆಗಲ್ಲ’ ಅಂದ್ರೆ ಸೊಕ್ಕು ಅನ್ಬೇಡಿ.

ನಾನು ಕೇಳೋದು ನಾಲ್ಕೇ. ಕ್ಲಿಪ್ಪನ್ನ ವಿಡಿಯೋ ಅಂತ ಕಳಿಸ್ಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಕ್ವಾಲಿಟಿ ಹಾಗೇ ಉಳಿಯುತ್ತೆ. ಹೇಳಿದ ದಿನಕ್ಕೆ ಕಳಿಸಿ. ಫಂಕ್ಷನ್ ಮುಗಿಯೋವರೆಗೂ ಒರಿಜಿನಲ್ ಡಿಲೀಟ್ ಮಾಡ್ಬೇಡಿ. ಎಕ್ಸ್‌ಪೋರ್ಟ್ ಆದ್ಮೇಲೆ ಪಕ್ಕದಲ್ಲಿ ಕೂತು ಮೊದಲಿಂದ ಕೊನೇವರೆಗೂ ನೋಡೋಕೆ ಒಬ್ರು ಬನ್ನಿ, ಸಾಧ್ಯ ಆದ್ರೆ ಅದೇ ಪ್ರೊಜೆಕ್ಟರಲ್ಲಿ.

ಮೂರನೇದು ಯಾಕೆ ಅಂದ್ರೆ, ಅಟೆಂಡರ್ ಅಣ್ಣನ್ನ ಶೂಟ್ ಮಾಡಿದ ನಮ್ಮ ಗೆಳತಿ ಫೋನಲ್ಲಿ ಜಾಗ ಇಲ್ದೇ ಇದ್ರೂ ಆ ಹನ್ನೆರಡು ನಿಮಿಷ ಉಳಿಸ್ಕೊಂಡಿದ್ಲು. ಅದನ್ನ ಕನ್ವರ್ಟ್ ಮಾಡಿ, ಮತ್ತೆ ಎಡಿಟ್ ಮಾಡಿ, ಈ ಸಲ ಪೂರ್ತಿ ನೋಡಿ, ಶನಿವಾರ ಅವರಿಗೆ ತೋರಿಸಿದ್ವಿ. ಸ್ಟೂಲ್ ಮೇಲೆ ಕೂತು ನೋಡಿದ್ರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನೊಂದ್ಸಲ ಹಾಕು’ ಅಂದ್ರು.

‘ತಪ್ಪು ನಿಮ್ಮ ಮಾತಲ್ಲಿ ಇರಲಿಲ್ಲ ಅಣ್ಣ, ನಮ್ಮ ಕೆಲಸದಲ್ಲಿತ್ತು’ ಅಂತ ಹೇಳಿದ್ದೀನಿ. ಆದ್ರೆ ಅವತ್ತು ನಕ್ಕಿದ್ದು ನಾನೊಬ್ಬ ಅಲ್ವಲ್ಲ. ಹೊಸ ವಿಡಿಯೋ ಗ್ರೂಪಲ್ಲಿ ಹಾಕಿದ್ದೀನಿ. ನೋಡಿ. ಸೋಮವಾರ ಕಾರಿಡಾರಲ್ಲಿ ಸಿಕ್ಕಾಗ ಅವರಿಗೆ ಒಂದು ಮಾತು ಹೇಳಿ.

#ಎಡಿಟಿಂಗ್‌ಕಷ್ಟಸುಖ #ಕನ್ನಡದಲ್ಲಿಟೆಕ್ #ನಮ್ಮಕ್ಲಾಸ್