ಆದವಾನಿ ಎಂದು ಹುಡುಕಿದರೆ ಆದೋನಿ ಸಿಗುತ್ತದೆಯೇ?

ಆದೋನಿ: 1953ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಹಲವು ಮನೆಗಳಲ್ಲಿ ಕನ್ನಡ ಉಳಿಯಿತು. ಆ ಮನೆಗಳಿಗೆ ಅಂತರ್ಜಾಲದ ಕನ್ನಡ ಸುದ್ದಿ ತಲುಪಬೇಕಾದರೆ ಜಾಲತಾಣ ನಡೆಸುವವರು ಮೂರು ವಿಷಯ ಗಮನಿಸಬೇಕು.

ಮೊದಲನೆಯದು ಅಕ್ಷರ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಹಾಕಿದ ಪುಟ ನಮ್ಮ ಕಣ್ಣಿಗೆ ಕನ್ನಡ. ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡ್‌ಗೆ ಬದಲಿಸಲೇಬೇಕು. ಹತ್ತಿ ಧಾರಣೆಯನ್ನು ಬರೀ ಫೋಟೋ ತೆಗೆದು ಹಾಕಿದರೂ ಹೆಚ್ಚುಕಡಿಮೆ ಅದೇ ಗತಿ.

ಎರಡನೆಯದು ಹೆಸರು. ಕೆಲವರು ಆದವಾನಿ ಎಂದು ಹುಡುಕುತ್ತಾರೆ, ಕೆಲವರು ಆದೋನಿ ಎಂದು. ಶೀರ್ಷಿಕೆಯಲ್ಲಿ ಒಂದಿದ್ದರೆ ಮೊದಲ ಸಾಲಿನಲ್ಲಿ ಇನ್ನೊಂದಿರಲಿ. ತೆಲುಗು ಪುಟಕ್ಕೂ ಕನ್ನಡ ಪುಟಕ್ಕೂ ಬೇರೆ ಬೇರೆ ವಿಳಾಸ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಬೇಕು.

ಮೂರನೆಯದು ಹಂಚಿಕೆ. ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಕಳಿಸಿದಾಗ ಕಾಣುವ ಶೀರ್ಷಿಕೆ, ಚಿತ್ರಗಳನ್ನು ತಾಣದವರೇ ಗೊತ್ತುಮಾಡಬಹುದು. ಅದು ಖಾಲಿ ಇದ್ದರೆ ಯಾರು ತೆರೆದು ನೋಡುತ್ತಾರೆ?

ಕನ್ನಡ ಶಾಲೆಯ ಪ್ರವೇಶದ ಸುದ್ದಿ ಜೂನ್ ಕಳೆದ ಮೇಲೆ ಕಣ್ಣಿಗೆ ಬಿದ್ದರೆ ಮಗು ಆಗಲೇ ಬೇರೆ ಶಾಲೆ ಸೇರಿರುತ್ತದೆ. ಬರೆದರೆ ಸಾಲದು, ಸಿಗುವಂತೆ ಬರೆಯಬೇಕು.