ಪರ್ಸೆಂಟ್ ಬೇರೆ, ಪರ್ಸೆಂಟೈಲ್ ಬೇರೆ

ಶಾಲಾ ಪ್ರವೇಶದ ಕಾಲ ಬಂತೆಂದರೆ ಹೆತ್ತವರ ನಿದ್ದೆ ಹಾರುತ್ತದೆ. ಕೆಲವು ಖಾಸಗಿ ಶಾಲೆಗಳು ಪ್ರವೇಶ ಪರೀಕ್ಷೆ ನಡೆಸಿ, ಅಂಕದ ಬದಲು ಪರ್ಸೆಂಟೈಲ್ ಎಂಬ ಸಂಖ್ಯೆಯನ್ನು ಕೊಡುತ್ತವೆ. ಚೀಟಿಯಲ್ಲಿ 40 ಎಂದು ಕಂಡೊಡನೆ ಹುಡುಗ ಫೇಲಾದನೆಂದೇ ಮನೆಯಲ್ಲಿ ತೀರ್ಮಾನವಾಗುತ್ತದೆ. ಈ ಅವಸರ ಸಲ್ಲದು.

ಪರ್ಸೆಂಟ್ ಎಂದರೆ ನೂರಕ್ಕೆ ಪಡೆದ ಅಂಕ. ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರ ಸಾಲಿನಲ್ಲಿ ಮಗು ನಿಂತ ಜಾಗ. 200 ಮಕ್ಕಳು ಬರೆದರೆನ್ನೋಣ. ನಮ್ಮ ಹುಡುಗಿಗೆ ಬಂದುದು ಬರೇ 42 ಅಂಕ. ಆದರೆ ಅವಳೂ ಸೇರಿದಂತೆ 150 ಮಕ್ಕಳ ಅಂಕ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ. ಅವಳ ಪರ್ಸೆಂಟೈಲ್ 75. ಪ್ರಶ್ನೆಪತ್ರಿಕೆ ಸುಲಭವಿದ್ದಲ್ಲಿ 70 ಅಂಕ ಪಡೆದವಳೂ 40ಕ್ಕೆ ಇಳಿದಾಳು. ಹೆಚ್ಚಿನ ಮಕ್ಕಳು ನಡುವಿನ ಅಂಕಗಳಲ್ಲೇ ಕಿಕ್ಕಿರಿದಿರುವುದರಿಂದ ಅಲ್ಲಿ ಒಂದೆರಡು ಪ್ರಶ್ನೆ ತಪ್ಪಿದರೂ ಹಲವು ಮೆಟ್ಟಿಲು ಜಾರುವುದುಂಟು.

2019ರಿಂದ ಜೆಇಇ ಮೈನ್ ಫಲಿತಾಂಶವೂ ಇದೇ ಲೆಕ್ಕದಲ್ಲಿ, ದಶಮಾಂಶದ 7 ಸ್ಥಾನಗಳವರೆಗೆ ಬರುತ್ತಿದೆ. ಲಕ್ಷಗಟ್ಟಲೆ ಮಂದಿ ಬೇರೆ ಬೇರೆ ಪಾಳಿಗಳಲ್ಲಿ ಬರೆಯುವಲ್ಲಿ ಅದಕ್ಕೆ ಅರ್ಥವಿದೆ. 60 ಮಕ್ಕಳು ಬರೆದ ಪರೀಕ್ಷೆಯಲ್ಲಿ ಒಂದು ಮಗು ಹಿಂದೆ ಸರಿದರೂ ಸಂಖ್ಯೆ ಒಂದೂವರೆಗೆ ಮಿಕ್ಕಿ ಬದಲಾಗುತ್ತದೆ.

ಸಾಲಿನಲ್ಲಿ ಯಾರು ಯಾರಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ. ತಮಿಳುನಾಡಿನ ಸೋಮನೂರನ್ನು ನೋಡೋಣ. ಅದು ವಿದ್ಯುತ್ ಮಗ್ಗಗಳ ಊರು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಿನವರು ಅನೇಕರು. ಕೂಲಿ ದರಕ್ಕಾಗಿ 2025ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅಲ್ಲಿ ಮಗ್ಗಗಳು ನಿಂತಿದ್ದವು. ಅಂತಹ ಮನೆಯ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ, ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಎದುರು ಕುಳಿತಾಗ, ಇಂಗ್ಲಿಷ್ ಬಲ್ಲ ಮನೆಗಳ ಮಕ್ಕಳ ಸಾಲಿನಲ್ಲಿ ಅದನ್ನು ನಿಲ್ಲಿಸಲಾಗುತ್ತದೆ. ಗಣಿತ ಬಲ್ಲ ಮಗು ಪ್ರಶ್ನೆ ಅರ್ಥವಾಗದೆ ಹಿಂದುಳಿದರೂ ಚೀಟಿಯಲ್ಲಿ ಕಾಣುವುದು ಒಂದೇ ಸಂಖ್ಯೆ. ಕಾಸರಗೋಡಿನ ನಮ್ಮ ಮಕ್ಕಳ ಪಾಡೂ ಇದಕ್ಕಿಂತ ದೂರವಿಲ್ಲ.

ಕಾನೂನನ್ನೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಮು, 8ನೇ ತರಗತಿಯವರೆಗಿನ ಪ್ರವೇಶಕ್ಕೆ ಮಕ್ಕಳನ್ನು ಪರೀಕ್ಷೆಯಿಂದ ಆರಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿ, ಮತ್ತೆ ಮಾಡಿದರೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡವಿದೆ. ಅಲ್ಪಸಂಖ್ಯಾತರ ಸಂಸ್ಥೆಗಳನ್ನು ಸುಪ್ರೀಂ ಕೋರ್ಟು 2014ರಲ್ಲಿ ಈ ಕಾಯಿದೆಯಿಂದ ಹೊರಗಿಟ್ಟಿತು. ಭಾಷಾ ಅಲ್ಪಸಂಖ್ಯಾತರ ಹೆಸರಿನ ಶಾಲೆಯೇ ಮನೆಮಾತಿನ ಮಗುವನ್ನು ಸೋಸುವಂತಾದರೆ ಅದಕ್ಕಿಂತ ವಿಪರ್ಯಾಸ ಬೇರಿಲ್ಲ.

ಆದುದರಿಂದ ಚೀಟಿ ಕೈಗೆ ಬಂದಾಗ ಹೆತ್ತವರು ಸಂಕೋಚ ಬಿಟ್ಟು ನಾಲ್ಕು ಮಾತು ಕೇಳಬೇಕು. ಪರೀಕ್ಷೆ ಬರೆದವರೆಷ್ಟು ಮಂದಿ? ಯಾವ ಭಾಷೆಯಲ್ಲಿ? ಮಗುವಿನ ನಿಜವಾದ ಅಂಕವೆಷ್ಟು? ಯಾವ ವಿಷಯದಲ್ಲಿ ಹಿಂದೆ ಬಿದ್ದಿದೆ? ಉತ್ತರ ಕೊಡಲಾಗದ ಶಾಲೆಯ ಸಂಖ್ಯೆಗೆ ಹೆದರಬೇಕಾಗಿಲ್ಲ. ಅದು ಒಂದು ದಿನ, ಒಂದು ಗುಂಪಿನ ನಡುವೆ ಮಗು ನಿಂತ ಜಾಗವನ್ನಷ್ಟೇ ಹೇಳುತ್ತದೆ. ಅದನ್ನು ಹಿಡಿದು ಮಗುವಿಗೆ ದಡ್ಡನೆಂಬ ಪಟ್ಟ ಕಟ್ಟುವ ತಪ್ಪನ್ನು ನಾವಂತೂ ಮಾಡದಿರೋಣ.